ಗೋವಿನಜೋಳದ ನಾಡಿನಿಂದ ಬಂದ ಕಥೆಗಳು

ಆಷಾಢದ ಕೊನೆಯ ವಾರ. ಶ್ರಾವಣದಲ್ಲಿ ತಮ್ಮನ ಮಗಳ ಲಗ್ನ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲ್ಲೂಕುಗಳಲ್ಲಿ ಹರಡಿಕೊಂಡಿರುವ ಬೀಗರು-ಬಿಜ್ಜರಿಗೆ ಪತ್ರಿಕೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. 'ಮೊಬೈಲಿನಾಗ ಕಳಿಸಿದರ ಆಗೂದಿಲ್ಲೇನು?' ಎಂದು ಕೇಳಿ ನಮ್ಮವ್ವನಿಂದ ಬೈಸಿಕೊಂಡೆ. ಕುಂಕುಮ ಹಚ್ಚಿದ ಪತ್ರಿಕೆಯನ್ನು ಕೈಗೆ ಕೊಟ್ಟು ಬಾಯಿ ತುಂಬ ಕರೆದರೆ ಮಾತ್ರ ಕರೆದಂತೆ. ಅದು ಅವಳ ಕಾಯಿದೆ.

ಜತೆಗೆ ಮಗಳನ್ನೂ ಕರೆದುಕೊಂಡು ಹೊರಟೆ. ಅದಕ್ಕೆ ಬೇರೆ ಕಾರಣವಿತ್ತು. ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿ, 'ನಾ ಸ್ಪ್ಯಾನಿಷ್ ಕಲೀತೀನಿ' ಎಂದು ಕೂತಿದ್ದಳು. ಎರಡು ವರ್ಷದಿಂದ ಮೊಬೈಲಿನಲ್ಲಿ ತಾನೇ ಒಂದಿಷ್ಟು ಕಲಿತಿದ್ದಾಳೆ. ಹೇಳದೆ ಕೇಳದೆ ಪ್ರವೇಶ ಪರೀಕ್ಷೆ ಬರೆದಿದ್ದಾಳೆ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಬಿ.ಎ. ಸ್ಪ್ಯಾನಿಷ್‌ಗೆ ಸೀಟೂ ಬಂದಿದೆ. ಶುಲ್ಕ ತುಂಬಲು ಉಳಿದದ್ದು ಐದು ದಿನ. ಬಿ.ಎಸ್ಸಿ., ಬಿ.ಎಡ್. ಮಾಡಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ಅಪ್ಪನಿಗೆ ಇದು ನುಂಗಲಾರದ ತುತ್ತು. 'ಎರಡು ದಿನ ನನ್ನ ಕೂಡ ತಿರುಗು. ಮಂದಿ ಏನಂತಾರ ಕೇಳೂಣು. ಆಮ್ಯಾಲೆ ನೋಡೂಣು' ಎಂದೆ. ಮಂದಿಯ ಬುದ್ಧಿಮಾತಿಗೆ ಹುಡುಗಿ ಮೆತ್ತಗಾದಾಳು ಎಂಬ ಲೆಕ್ಕ ನನ್ನದು. ಲೆಕ್ಕ ತಪ್ಪಿದ್ದು ಹೇಗೆ ಎಂಬುದೇ ಈ ಬರಹ.

ಹಾನಗಲ್ಲ: ಅಯಸ್ಕಾಂತ ಮತ್ತು ಅಜ್ಞಾತವಾಸ

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸುಮಾರು ಇಪ್ಪತ್ತು ವರ್ಷದ ಹಿಂದೆ ನಾನು ಹಿರೇಕೆರೂರ ಕಡೆಯ ಒಂದು ಹೈಸ್ಕೂಲಿನಲ್ಲಿದ್ದೆ. ಹತ್ತನೆಯ ತರಗತಿಗೆ ಆಮ್ಲ-ಪ್ರತ್ಯಾಮ್ಲ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ತೊಡೆಯ ಮೇಲೆ ಕಥೆಪುಸ್ತಕ ಇಟ್ಟುಕೊಂಡು ಓದುತ್ತಿದ್ದ. ಕಸಿದುಕೊಂಡೆ. 'ಪರೀಕ್ಷೆ ಮುಗಿದ ಮೇಲೆ ಬಂದು ಒಯ್ಯಿ' ಎಂದೆ. ಅವನು ಬರಲಿಲ್ಲ, ನಾನು ಕೊಡಲಿಲ್ಲ. ಪುಸ್ತಕ ಪ್ರಯೋಗಶಾಲೆಯ ಕಪಾಟಿನಲ್ಲಿ ಗಂಧಕದ ಶೀಶೆಯ ಪಕ್ಕದಲ್ಲಿ ಉಳಿಯಿತು. ನನಗೆ ವರ್ಗವಾದಾಗ ಸಾಮಾನಿನ ಜತೆ ಹಾನಗಲ್ಲಿಗೂ ಬಂತು.

ಒಂದು ಬೇಸಿಗೆಯಲ್ಲಿ ಬೇರೇನೂ ಇಲ್ಲದೆ ಅದನ್ನು ತೆರೆದೆ. ಹೊರದೇಶದ ಕಥೆಗಳ ಕನ್ನಡ ಅನುವಾದ. ಅದರಲ್ಲೊಂದು ಕಥೆ: ಮಳೆ ಹಿಡಿದ ಒಂದು ಊರಿನ ಅಂಗಳದಲ್ಲಿ ರೆಕ್ಕೆಯುಳ್ಳ ಮುದುಕನೊಬ್ಬ ಕೆಸರಲ್ಲಿ ಬಿದ್ದಿದ್ದಾನೆ. ದೇವದೂತನೋ ಏನೋ ಯಾರಿಗೂ ತಿಳಿಯದು. ಮನೆಯವರು ಅವನನ್ನು ಕೋಳಿಗೂಡಿನಲ್ಲಿ ಕೂಡಿಹಾಕಿ, ನೋಡಲು ಬಂದವರಿಂದ ರೊಕ್ಕ ಎಣಿಸಿಕೊಳ್ಳುತ್ತಾರೆ. ಬರೆದವರು ಕೊಲಂಬಿಯಾದ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್. ಓದಿ ಮುಗಿಸಿ ಹೊರಗೆ ಬಂದರೆ ನಮ್ಮ ಹಿತ್ತಲ ಕೋಳಿಗೂಡನ್ನು ನೋಡುವ ಬಗೆಯೇ ಬದಲಾಗಿತ್ತು.

ಮುಂದೆ ಅವರ ದೊಡ್ಡ ಕಾದಂಬರಿಯನ್ನೂ ಹುಡುಕಿ ಓದಿದೆ. 1967ರಲ್ಲಿ ಸ್ಪ್ಯಾನಿಷಿನಲ್ಲಿ ಬಂದದ್ದು. ನೂರು ವರ್ಷಗಳ ಏಕಾಂತದ ಕಥೆ. ಅದನ್ನು ಎ.ಎನ್. ಪ್ರಸನ್ನ ಅವರು ಕನ್ನಡಕ್ಕೆ ತಂದಿದ್ದಾರೆ. ವಿಜ್ಞಾನದ ಮಾಸ್ತರನಿಗೆ ಅದರ ಮೊದಲ ಅಧ್ಯಾಯದಂಥ ಹಬ್ಬ ಇನ್ನೊಂದಿಲ್ಲ. ಮಕೊಂದೊ ಎಂಬ ಹಳ್ಳಿಗೆ ಅಲೆಮಾರಿಗಳು ಅಯಸ್ಕಾಂತ ತರುತ್ತಾರೆ. ಊರ ಯಜಮಾನ ಅದರಿಂದ ಭೂಮಿಯೊಳಗಿನ ಬಂಗಾರ ಎಳೆಯಲು ಹೊರಡುತ್ತಾನೆ. ಮುಂದಿನ ಸಲ ಭೂತಗನ್ನಡಿ ತರುತ್ತಾರೆ. ಬಿಸಿಲನ್ನು ಒಂದೆಡೆ ಕೂಡಿಸಲು ಹೋಗಿ ಮೈ ಸುಟ್ಟುಕೊಳ್ಳುತ್ತಾನೆ. ಯಾರ ಸಹಾಯವೂ ಇಲ್ಲದೆ ಭೂಮಿ ದುಂಡಗಿದೆಯೆಂದು ತಾನೇ ಕಂಡುಹಿಡಿದು ಹುಚ್ಚನೆನಿಸಿಕೊಳ್ಳುತ್ತಾನೆ. ನಾನು ವರ್ಷ ವರ್ಷ ಎಂಟನೆಯ ತರಗತಿಗೆ ತೋರಿಸುವ ಸಾಮಾನುಗಳೇ ಅವು. ಅವುಗಳ ಮುಂದೆ ಬೆರಗಾಗಬೇಕೆಂಬುದನ್ನೇ ನಾನು ಮರೆತಿದ್ದೆ.

ಬಸ್ಸು ಹಿಡಿಯುವ ಮೊದಲು ತಾರಕೇಶ್ವರ ಗುಡಿಗೆ ಹೋದೆವು. ಕಲ್ಲಿನ ಚಾವಣಿಯಲ್ಲಿ ಅರಳಿರುವ ಕಮಲವನ್ನು ಎಷ್ಟು ಸಲ ನೋಡಿದರೂ ಕತ್ತು ನೋಯುವುದಿಲ್ಲ. ಹಾನಗಲ್ಲ ಅಂದರೆ ವಿರಾಟನಗರ, ಪಾಂಡವರು ಅಜ್ಞಾತವಾಸ ಕಳೆದ ಊರು ಎಂಬುದು ಇಲ್ಲಿಯವರ ನಂಬಿಕೆ. ನಾನು ಅದನ್ನು ಮಗಳಿಗೆ ಮತ್ತೆ ಹೇಳಿದೆ. ಅವಳು ನಕ್ಕಳು.

'ಅಪ್ಪಾ, ಅನುವಾದ ಮಾಡೋರದೂ ಅಜ್ಞಾತವಾಸನ. ಇನ್ನೊಬ್ಬರ ಅರಮನ್ಯಾಗ ದುಡೀತಾರ. ಹೆಸರು ಮಾತ್ರ ಯಾರಿಗೂ ಗೊತ್ತಿರೂದಿಲ್ಲ.'

ಮಾತು ನೆಟ್ಟಗೆ ನನಗೇ ತಾಗಿತು. ಕಸಿದುಕೊಂಡ ಆ ಪುಸ್ತಕಕ್ಕೆ ರಕ್ಷಾಪುಟವೂ ಇಲ್ಲ, ಮೊದಲ ಹಾಳೆಯೂ ಇಲ್ಲ. ಕಥೆಗಳ ಮೇಲೆ ಮೂಲ ಲೇಖಕರ ಹೆಸರಿದೆ. ಕನ್ನಡಕ್ಕೆ ತಂದವರ ಹೆಸರು ಹರಿದ ಹಾಳೆಯ ಜತೆ ಹೋಗಿದೆ. ಆ ಮುದುಕನ ರೆಕ್ಕೆಯನ್ನು ನನಗೆ ಕನ್ನಡದಲ್ಲಿ ತೋರಿಸಿದವರು ಯಾರೋ, ಇವತ್ತಿಗೂ ಗೊತ್ತಿಲ್ಲ. ಹಿರೇಕೆರೂರ ಕಡೆ ಹೇಗೂ ಹೋಗುವುದಿದೆಯೆಂದು ಆ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡಿದ್ದೆ.

ಶಿಗ್ಗಾಂವಿ: ಕೋತಿಯನ್ನು ನುಂಗಿದ ಕೋಳಿ

ಬಸ್ಸಿನಲ್ಲಿ ಮಗಳಿಗೆ ಶೂನ್ಯ ಟಿಕೆಟ್ಟು, ನನಗೆ ರೊಕ್ಕದ ಟಿಕೆಟ್ಟು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಈ ಸವಲತ್ತು. ಕಿಟಕಿಯ ಆಚೆ ಎರಡೂ ಕಡೆ ಗೋವಿನಜೋಳ. ಮೊಣಕಾಲೆತ್ತರ ಬೆಳೆದು ಮಳೆಗೆ ತೊಳೆದಂತೆ ಹಸಿರಾಗಿತ್ತು. ಹಾನಗಲ್ಲ ಬಿಟ್ಟಾಗಿನಿಂದ ಭತ್ತ, ಮಾವಿನ ತೋಟ, ಮತ್ತೆ ಗೋವಿನಜೋಳ. ಪಾಠ ಹೇಳುವ ಚಟ ಬಿಡುವುದಿಲ್ಲ. ಶುರು ಮಾಡಿದೆ.

ಈ ಬೆಳೆ ನಮ್ಮದಲ್ಲ. ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ದಕ್ಷಿಣ ಮೆಕ್ಸಿಕೊದ ಜನ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಪಳಗಿಸಿ ಇದನ್ನು ಮಾಡಿಕೊಂಡರು. ಮೆಣಸಿನಕಾಯಿಯೂ ಆ ಸೀಮೆಯದೇ. ಬ್ಯಾಡಗಿಯ ಹೆಸರನ್ನು ಲೋಕಕ್ಕೆ ಸಾರಿದ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಕೆಂಪು ಕಾಯಿಯ ಹಿರಿಯರು ಸಮುದ್ರ ದಾಟಿ ಬಂದವರು. ಟೊಮೆಟೊ, ಬಟಾಟೆ, ಶೇಂಗಾ, ಪೇರಲ, ಪಪ್ಪಾಯಿ, ತಂಬಾಕು, ಎಲ್ಲವೂ ಅಮೆರಿಕಾ ಖಂಡಗಳಿಂದ ಸ್ಪೇನ್ ಮತ್ತು ಪೋರ್ಚುಗಲ್‌ನವರ ಹಡಗು ಹತ್ತಿದವು. ಇವಿಲ್ಲದೆ ಇವತ್ತು ನಮ್ಮ ಒಲೆ ಹೊತ್ತುವುದಿಲ್ಲ.

'ಹಂಗಾದರ ಅವರ ಕಾಳು ನಾಕುನೂರು ವರ್ಷದಿಂದ ತಿನ್ನಾಕತ್ತೀವಿ. ಅವರ ಕಥಿ ಮಾತ್ರ ಯಾಕ ಬ್ಯಾಡ?' ಎಂದಳು ಮಗಳು.

ಹಿಂದಿನ ಸೀಟಿನ ಹಿರಿಯರೊಬ್ಬರು ಇಷ್ಟನ್ನೂ ಕೇಳಿಸಿಕೊಂಡಿದ್ದರು. 'ಅಲ್ರಿ ಸರ, ಬಟಾಟಿಗೆ ಅವರೂ ಬಟಾಟಿನ ಅಂತಾರೇನ್ರಿ?' ಎಂದರು. ಉತ್ತರ ಮಗಳದು: 'ಇಲ್ಲರೀ ಅಜ್ಜಾರ. ಅಲ್ಲಿ ಬಟಾಟಾ ಅಂದ್ರ ಗೆಣಸು. ಬಟಾಟಿಗೆ ಸ್ಪೇನಿನಾಗ ಪಟಾಟಾ ಅಂತಾರ, ದಕ್ಷಿಣ ಅಮೆರಿಕಾದಾಗ ಪಾಪಾ ಅಂತಾರ.' ಬಸ್ಸು ನಕ್ಕಿತು. ಅನುವಾದಕರು ಎಡವುವ ಕಲ್ಲು ಎಂಥದೆಂದು ನನಗೂ ತಿಳಿಯಿತು.

ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ ನಮ್ಮ ದೂರದ ಸಂಬಂಧಿಕರಿದ್ದಾರೆ. ಪತ್ರಿಕೆ ಕೊಟ್ಟು, ಷರೀಫ ಸಾಹೇಬರ ಗದ್ದುಗೆಗೆ ಕೈಮುಗಿದೆವು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಷರೀಫರು ಕೆಲಕಾಲ ಸಾಲಿ ಮಾಸ್ತರರೂ ಆಗಿದ್ದರೆಂಬುದು ನನ್ನಂಥವರಿಗೆ ಹೆಮ್ಮೆ. ಕಳಸದ ಗೋವಿಂದ ಭಟ್ಟರ ಶಿಷ್ಯರಾದ ಈ ಮುಸ್ಲಿಂ ಕವಿಯ ಒಂದು ಪದದಲ್ಲಿ ಕೋಳಿಯು ಕೋತಿಯನ್ನೇ ನುಂಗಿಬಿಡುತ್ತದೆ. ಅದನ್ನು ಕೇಳಿ ನಮ್ಮ ಹಳ್ಳಿಯ ಯಾವ ಮುದುಕಿಯೂ 'ಇದು ಹೆಂಗ ಸಾಧ್ಯ?' ಎಂದು ಕೇಳಲಿಲ್ಲ. ತಲೆದೂಗಿ ಒಳಗಿನ ಅರ್ಥ ಹುಡುಕಿದಳು.

ಮಾರ್ಕ್ವೆಜ್‌ರೂ ತಮ್ಮ ಕಥನದ ಗುಟ್ಟು ಅಜ್ಜಿಯದೆಂದು ಹೇಳಿಕೊಂಡವರು. 1927ರಲ್ಲಿ ಅರಕಟಾಕಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಅಜ್ಜ-ಅಜ್ಜಿಯರ ಮನೆಯಲ್ಲಿ ಬೆಳೆದರು. ಅಜ್ಜಿ ದೆವ್ವ-ಭೂತಗಳ ಸಂಗತಿಯನ್ನು ಮುಖದ ಒಂದು ಗೆರೆಯೂ ಅಲುಗದಂತೆ, ಸಂತೆಯ ಸುದ್ದಿಯಷ್ಟು ಸಹಜವಾಗಿ ಹೇಳುತ್ತಿದ್ದಳಂತೆ. ಅದೇ ದನಿಯಲ್ಲಿ ಬರೆದ ಕಾದಂಬರಿ ಲೋಕವನ್ನು ಗೆದ್ದಿತು. 1982ರಲ್ಲಿ ನೊಬೆಲ್ ಬಂತು. ಪಂಡಿತರು ಅದಕ್ಕೆ ಮಾಂತ್ರಿಕ ವಾಸ್ತವ ಎಂದು ಹೆಸರಿಟ್ಟರು. ನಮ್ಮ ಅಜ್ಜಿಯರಿಗೆ ಹೆಸರು ಬೇಕಾಗಿರಲಿಲ್ಲ.

ಅಲ್ಲಿಂದ ಹೆದ್ದಾರಿಗೆ ಬಂದರೆ ಗೊಟಗೋಡಿ. 2011ರಲ್ಲಿ ಶುರುವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಇಲ್ಲೇ. ಆಚೆಗೆ ಕನಕದಾಸರ ಬಾಡ. ಹಾಡು, ಕಥೆ, ಒಗಟುಗಳಿಗಾಗಿಯೇ ಒಂದು ವಿಶ್ವವಿದ್ಯಾಲಯವನ್ನು ಕಟ್ಟಿಕೊಂಡ ತಾಲ್ಲೂಕಿನಲ್ಲಿ ನಿಂತು, 'ಕಥಿ ಓದಿ ಹೊಟ್ಟಿ ತುಂಬತದೇನು?' ಎಂದು ಮಗಳನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಆ ಪ್ರಶ್ನೆಯನ್ನು ಶಿಗ್ಗಾಂವಿಯ ಬೀಗರೇ ಕೇಳಿದರು. 'ಬಿ.ಎಸ್ಸಿ. ಅಗ್ರಿ ಮಾಡಸ್ರಿ ಸರ. ಊರಾಗ ನೌಕರಿ ಸಿಗತದ. ಸ್ಪ್ಯಾನಿಷ್ ಎಲ್ಲಿ ಮಾತಾಡ್ತಾರ್ರೀ?'

ಮಗಳು ಲೆಕ್ಕ ಒಪ್ಪಿಸಿದಳು. ಇಪ್ಪತ್ತು ದೇಶಗಳಲ್ಲಿ ಅದು ಆಡಳಿತ ಭಾಷೆ. ತಾಯಿನುಡಿಯಾಗಿ ಆಡುವವರು ಐವತ್ತು ಕೋಟಿಗೆ ಹತ್ತಿರ. 2011ರ ಜನಗಣತಿಯಂತೆ ಕನ್ನಡ ತಾಯಿನುಡಿಯವರು 4.37 ಕೋಟಿ. 'ಅಷ್ಟು ಮಂದಿಯ ಕಥಿ ನಾವು ನೇರ ಓದೂದಿಲ್ಲ. ನಮ್ಮ ಕಥಿ ಅವರಿಗೆ ಗೊತ್ತೇ ಇಲ್ಲ' ಎಂದಳು. ಬೀಗರು ಚಹಾ ತರಿಸಿದರು.

ಸವಣೂರು: ದೊಡ್ಡಹುಣಸೆಯ ನೆರಳು

ಸವಣೂರಿಗೆ ಮುಟ್ಟಿದಾಗ ಸಂಜೆ. ಖಾರದ ಅಂಗಡಿಗಳಿಂದ ಒಗ್ಗರಣೆಯ ವಾಸನೆ. ಸವಣೂರ ಖಾರ ತಿನ್ನದೆ ಊರು ಬಿಟ್ಟರೆ ಬಂದದ್ದೇ ದಂಡ. ಪೊಟ್ಟಣ ಹಿಡಿದು ದೊಡ್ಡಹುಣಸೆ ಮಠಕ್ಕೆ ಹೋದೆವು. ಶತಮಾನಗಳನ್ನು ಕಂಡ ಮೂರು ಮಹಾವೃಕ್ಷಗಳು ಅಲ್ಲಿವೆ. ಆನೆಯ ಮೈಯಂಥ ಬೂದು ಬಣ್ಣದ ಕಾಂಡ. ಹತ್ತಾರು ಜನ ಕೈಕೈ ಹಿಡಿದು ನಿಂತರಷ್ಟೇ ತಬ್ಬಲು ಸಾಧ್ಯ.

ವಿಜ್ಞಾನ ಇದನ್ನು ಅಡನ್ಸೋನಿಯಾ ಡಿಜಿಟಾಟಾ ಎನ್ನುತ್ತದೆ. ಆಫ್ರಿಕಾದ ಮರ. ಹತ್ತಿ, ಬೂರುಗಗಳ ಬಳಗ. ಹುಣಸೆಗೂ ಇದಕ್ಕೂ ರಕ್ತಸಂಬಂಧವಿಲ್ಲ. ಆದರೆ ಹಣ್ಣಿನ ತಿರುಳು ಹುಳಿ. ಹೆಸರು ಗೊತ್ತಿಲ್ಲದ ಪರದೇಶಿ ಮರವನ್ನು ನೋಡಿ ನಮ್ಮವರು ನಾಲಿಗೆಯ ರುಚಿಯಿಂದಲೇ ಅದನ್ನು ಗುರುತಿಸಿ 'ದೊಡ್ಡಹುಣಸೆ' ಎಂದು ಕರೆದರು. ಅನುವಾದ ಅಂದರೆ ಇದೇ. ಇನ್ನೂ ಮೋಜಿನ ಸಂಗತಿಯೆಂದರೆ, ನಮ್ಮದೆಂದುಕೊಂಡ ಹುಣಸೆಯೂ ಮೂಲದಲ್ಲಿ ಆಫ್ರಿಕಾದ್ದೇ. ಅರಬರು ಅದನ್ನು 'ಹಿಂದಿನ ಖರ್ಜೂರ', ಎಂದರೆ ಹಿಂದೂಸ್ತಾನದ ಖರ್ಜೂರ ಎಂದು ಕರೆದರು. ಇಂಗ್ಲಿಷಿನ ಟ್ಯಾಮರಿಂಡ್ ಬಂದದ್ದು ಅಲ್ಲಿಂದ. ಯಾವುದು ನಮ್ಮದು, ಯಾವುದು ಪರರದು ಎಂದು ಗೆರೆ ಎಳೆಯಲು ಹೊರಟರೆ ಸವಣೂರಿನಲ್ಲಿ ಕೈ ನಡುಗುತ್ತದೆ.

ಇದು ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ ಊರು. ನವಾಬರ ಊರಿನ ಹುಡುಗ ಆಕ್ಸ್‌ಫರ್ಡಿಗೆ ಹೋಗಿ ಇಂಗ್ಲಿಷ್ ಓದಿ ಬಂದರು. ಬದುಕಿನುದ್ದಕ್ಕೂ ಇಂಗ್ಲಿಷ್ ಕಲಿಸಿದರು, ಕನ್ನಡದಲ್ಲಿ ಬರೆದರು. 1990ರ ಜ್ಞಾನಪೀಠ ಅವರಿಗೆ ಸಂದಿತು. ಪರಭಾಷೆ ಕಲಿತರೆ ಮಕ್ಕಳು ಕೈತಪ್ಪುತ್ತಾರೆ ಎಂದು ಹೆದರುವ ನಮ್ಮಂಥ ಪಾಲಕರಿಗೆ ಅವರ ಬದುಕೇ ಉತ್ತರ.

ರಾತ್ರಿ ಉಳಿದದ್ದು ಹಳೆಯ ಸಹೋದ್ಯೋಗಿಯ ಮನೆಯಲ್ಲಿ. ಮನೆಮಾತು ದಖ್ಖನಿ ಉರ್ದು. ಬೀದಿಗೆ ಬಂದರೆ ಗಟ್ಟಿ ಕನ್ನಡ. ಊಟಕ್ಕೆ ಕೂತಾಗ ಬಾನು ಮುಷ್ತಾಕರ ಮಾತು ಬಂತು. 2025ರ ಮೇ 20ರಂದು ಅವರ ಕನ್ನಡ ಕಥೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬೂಕರ್ ಗೆದ್ದಿತು. ಅನುವಾದಿಸಿದವರು ದೀಪಾ ಭಾಸ್ತಿ. ಬಹುಮಾನದ ಐವತ್ತು ಸಾವಿರ ಪೌಂಡನ್ನು ಲೇಖಕಿಗೂ ಅನುವಾದಕಿಗೂ ಸರಿಸಮನಾಗಿ ಹಂಚಲಾಯಿತು. ಅದು ಆ ಬಹುಮಾನದ ನಿಯಮ. ನಮ್ಮ ಗೆಳೆಯರ ಹೆಂಡತಿ, 'ನಮ್ಮ ಮನೀ ಮಾತುಗಳನ್ನ ಹಾಂಗ ಬಿಟ್ಟಾರಂತಲ್ರೀ?' ಎಂದರು. ಹೌದು. ಕನ್ನಡ, ಉರ್ದು, ಅರಬ್ಬಿ ಪದಗಳನ್ನು ದೀಪಾ ಓರೆ ಅಕ್ಷರದಲ್ಲಿ ಬೇರೆಯಾಗಿಸದೆ ಇಂಗ್ಲಿಷಿನೊಳಗೆ ಸಮಾನವಾಗಿ ಕೂಡಿಸಿದ್ದಾರೆ.

ಮಗಳ ಕಣ್ಣು ಹೊಳೆಯಿತು. ಇದೇ ಬಹುಮಾನದ ಕೊನೆಯ ಸುತ್ತಿಗೆ ಸ್ಪ್ಯಾನಿಷ್ ಹೆಣ್ಣುಮಕ್ಕಳು ವರ್ಷ ವರ್ಷ ಬಂದದ್ದನ್ನು ಅವಳು ಬಾಯಿಪಾಠ ಒಪ್ಪಿಸಿದಳು. 2017ರಲ್ಲಿ ಅರ್ಜೆಂಟೀನಾದ ಸಮಂತಾ ಶ್ವೆಬ್ಲಿನ್, 2020ರಲ್ಲಿ ಮೆಕ್ಸಿಕೊದ ಫರ್ನಾಂಡಾ ಮೆಲ್ಚೊರ್, 2021ರಲ್ಲಿ ಅರ್ಜೆಂಟೀನಾದ ಮರಿಯಾನಾ ಎನ್ರಿಕೆಸ್, 2022ರಲ್ಲಿ ಕ್ಲಾಡಿಯಾ ಪಿನ್ಯೆರೊ, 2024ರಲ್ಲಿ ಸೆಲ್ವಾ ಅಲ್ಮಾಡಾ. ಮಾರ್ಕ್ವೆಜ್ 2014ರಲ್ಲಿ ತೀರಿಕೊಂಡರು, ಪೆರುವಿನ ಮಾರಿಯೊ ವರ್ಗಾಸ್ ಯೋಸಾ 2025ರ ಏಪ್ರಿಲ್‌ನಲ್ಲಿ. ಹಿರಿಯ ಗಂಡಸರ ತಲೆಮಾರು ಮುಗಿದ ಮೇಲೆ ಕಥೆ ಹೇಳುವ ಸೌಟು ಈಗ ಇವರ ಕೈಯಲ್ಲಿದೆ.

ಅನುವಾದಕರ ಕಥೆಗಳೂ ಬಂದವು. ಮಾರ್ಕ್ವೆಜ್‌ರ ದೊಡ್ಡ ಕಾದಂಬರಿಯನ್ನು ಇಂಗ್ಲಿಷಿಗೆ ತಂದವರು ಗ್ರೆಗರಿ ರಬಾಸ್ಸ. ಬೇರೆ ಕೆಲಸದಲ್ಲಿದ್ದ ಅವರಿಗಾಗಿ ಕಾಯುವಂತೆ ಮಾರ್ಕ್ವೆಜ್‌ರಿಗೆ ಸಲಹೆ ಕೊಟ್ಟವರು ಇನ್ನೊಬ್ಬ ಲೇಖಕ ಹೂಲಿಯೊ ಕೊರ್ತಾಸಾರ್. ಕಾದದ್ದು ಸಾರ್ಥಕವಾಯಿತು. 1970ರಲ್ಲಿ ಬಂದ ಇಂಗ್ಲಿಷ್ ಪುಸ್ತಕ ಮೂಲಕ್ಕಿಂತ ಚೆನ್ನಾಗಿದೆ ಎಂದು ಮಾರ್ಕ್ವೆಜ್‌ರೇ ಮೆಚ್ಚಿದರು. ಎಡಿತ್ ಗ್ರಾಸ್‌ಮನ್ ಎಂಬಾಕೆ 2003ರಲ್ಲಿ 'ಡಾನ್ ಕಿಹೋಟೆ'ಯನ್ನು ಹೊಸದಾಗಿ ಇಂಗ್ಲಿಷಿಗೆ ತಂದಾಗ ಅವರ ಹೆಸರು ರಕ್ಷಾಪುಟದ ಮೇಲೆಯೇ ಬಂತು. ಅಜ್ಞಾತವಾಸ ಮುಗಿಯಬೇಕೆಂದು ಹಟ ಹಿಡಿದವರು ಅವರು. 2023ರಲ್ಲಿ ತೀರಿಕೊಂಡರು.

ನಮ್ಮ ದೇಶದ ನಂಟೂ ಚಿಕ್ಕದಲ್ಲ. ಸ್ಪೇನಿನ ಸೆನೋಬಿಯಾ ಕಂಪ್ರೂಬಿ ತನ್ನ ಗಂಡ, ಕವಿ ಹುವಾನ್ ರಮೊನ್ ಹಿಮೆನೆಸ್ ಜತೆಗೂಡಿ 1915ರಿಂದ ರವೀಂದ್ರನಾಥ ಠಾಕೂರರನ್ನು ಸ್ಪ್ಯಾನಿಷಿಗೆ ತಂದಳು. ಅದು ಇಂಗ್ಲಿಷಿನ ಮೂಲಕ. 1930ರ ದಶಕದಲ್ಲಿ ಇಬ್ಬರು ಕಾಶ್ಮೀರಿ ಪಂಡಿತರು 'ಡಾನ್ ಕಿಹೋಟೆ'ಯ ಭಾಗಗಳನ್ನು ಸಂಸ್ಕೃತಕ್ಕೆ ತಂದರು. ಅದೂ ಇಂಗ್ಲಿಷಿನ ಮೂಲಕ. ದಿಲ್ಲಿಯ ಪ್ರಾಧ್ಯಾಪಕಿ ವಿಭಾ ಮೌರ್ಯ ಅದೇ ಕಾದಂಬರಿಯನ್ನು ನೇರವಾಗಿ ಸ್ಪ್ಯಾನಿಷಿನಿಂದ ಹಿಂದಿಗೆ ತಂದರು. ಕನ್ನಡದಲ್ಲಿ ಎ.ಎನ್. ಪ್ರಸನ್ನ ಅವರಲ್ಲದೆ ಎಸ್. ದಿವಾಕರ್ ಜಗತ್ತಿನ ಎಷ್ಟೋ ಕಥೆಗಳನ್ನು ಕೊಟ್ಟಿದ್ದಾರೆ. ಮೆಕ್ಸಿಕೊದ ಹುವಾನ್ ರುಲ್ಫೊ ಅವರನ್ನು ಓ.ಎಲ್. ನಾಗಭೂಷಣಸ್ವಾಮಿ ತಂದಿದ್ದಾರೆ. ಇವರೆಲ್ಲರ ಋಣ ದೊಡ್ಡದು. ಆದರೆ ಇವರೆಲ್ಲ ಇಂಗ್ಲಿಷಿನ ಸೇತುವೆ ದಾಟಿ ಬಂದವರು.

'ಸೇತುವೆ ಐತಲ್ಲ, ಮತ್ತ ನೀ ಯಾಕ ಹೊಳಿಗೆ ಇಳೀತಿ?' ಎಂದೆ. ಮಗಳು, 'ನಾಳೆ ಹೇಳ್ತೀನಿ' ಎಂದು ಮಲಗಿದಳು.

ಹಿರೇಕೆರೂರು: ಓಡಿ ಮುಟ್ಟಬಹುದಾದ ದೂರ

ಬೆಳಗ್ಗೆ ಹಾವೇರಿಗೆ ಬಂದು ಹಿರೇಕೆರೂರ ಬಸ್ಸು ಹಿಡಿದೆವು. ಇದು ಗಳಗನಾಥರ ಸೀಮೆ. 1869ರಿಂದ 1942ರವರೆಗೆ ಬದುಕಿದ ವೆಂಕಟೇಶ ತಿರಕೊ ಕುಲಕರ್ಣಿಯವರು ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದ್ದರಲ್ಲಿ ಅನುವಾದದ ಪಾಲು ಎಷ್ಟು ದೊಡ್ಡದೆಂಬುದನ್ನು ನಮ್ಮ ಜಿಲ್ಲೆಯವರಾದರೂ ಮರೆಯಬಾರದು.

ಹಿರೇಕೆರೂರ ಸೀಮೆ ಸರ್ವಜ್ಞನದು. ಅಬಲೂರು, ಮಾಸೂರು ಎರಡೂ ಊರುಗಳು ಅವನನ್ನು ತಮ್ಮವನೆನ್ನುತ್ತವೆ. ಎಲ್ಲರಿಂದ ಒಂದೊಂದು ಮಾತು ಕಲಿತ ಅಲೆಮಾರಿ ಆತ. ಬಾಯಿಂದ ಬಾಯಿಗೆ ಹೋಗುತ್ತಿದ್ದ ಅವನ ತ್ರಿಪದಿಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದವರು ಉತ್ತಂಗಿ ಚನ್ನಪ್ಪನವರು, ಒಬ್ಬ ಕ್ರೈಸ್ತ ಪಾದ್ರಿ. ಹೇಳಿದವನ ಹೆಸರು ಎಲ್ಲರ ಬಾಯಲ್ಲಿದೆ. ಹೊತ್ತು ತಂದವರ ಹೆಸರು ಎಷ್ಟು ಮಕ್ಕಳಿಗೆ ಗೊತ್ತು?

ಕೊನೆಯ ಪತ್ರಿಕೆ ಕೊಟ್ಟ ಮೇಲೆ ನನ್ನ ಹಳೆಯ ವಿದ್ಯಾರ್ಥಿಯ ಊರಿಗೆ ಹೋದೆವು. ಈಗ ಅವನು ಎರಡು ಮಕ್ಕಳ ತಂದೆ. ನಾಲ್ಕೆಕರೆ ಗೋವಿನಜೋಳ. ನಾವು ಹೋದಾಗ ಹೊಲದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಕಳೆನಾಶಕ ಹೊಡೆಯುತ್ತಿದ್ದ. ಬದುವಿನ ಮೇಲೆ ಅವನ ಸಣ್ಣ ಮಗಳು ಖಾಲಿ ಡಬ್ಬಿಯಲ್ಲಿ ಮಣ್ಣು ತುಂಬಿ ಆಡುತ್ತಿದ್ದಳು. ನನ್ನ ಮಗಳು ಓಡಿಹೋಗಿ ಡಬ್ಬಿ ಕಸಿದು, ಕೂಸಿನ ಕೈ ತೊಳೆಸಿದಳು. 'ಇದು ವಿಷದ ಡಬ್ಬಿರೀ ಅಣ್ಣಾರ' ಎಂದಳು. ಅವನು ಪಂಪು ಇಳಿಸಿ ಮುಖ ಒರೆಸಿಕೊಂಡ. 'ಗೊತ್ತೈತವಾ ತಂಗಿ. ಒಂದು ಕಣ್ಣು ಅದರ ಮ್ಯಾಲೇ ಇರತೈತಿ. ಹಿಂದಕ್ಕ ತಿರುಗಿದಾಗ ಏನಾತು ಗೊತ್ತಾಗಲಿಲ್ಲ' ಎಂದ.

ಬೇವಿನ ಮರದ ಕೆಳಗೆ ಕೂತಾಗ ಮಗಳು ನಿನ್ನೆಯ ಪ್ರಶ್ನೆಗೆ ಉತ್ತರ ಕೊಟ್ಟಳು. ಸಮಂತಾ ಶ್ವೆಬ್ಲಿನ್ 2014ರಲ್ಲಿ ಒಂದು ಸಣ್ಣ ಕಾದಂಬರಿ ಬರೆದರು. ಪಟ್ಟಣದ ತಾಯಿಯೊಬ್ಬಳು ಮಗಳನ್ನು ಕರೆದುಕೊಂಡು ರಜೆಗೆಂದು ಹಳ್ಳಿಗೆ ಬರುತ್ತಾಳೆ. ಸುತ್ತ ಸೋಯಾ ಹೊಲಗಳು. ಹುಲ್ಲು, ನೀರು ನೋಡಲು ಚೆಂದ. ಆದರೆ ಅಲ್ಲಿ ಪ್ರಾಣಿಗಳು ಸಾಯುತ್ತವೆ, ಮಕ್ಕಳು ಬಾಡುತ್ತಾರೆ. ಕಾರಣವಾದ ವಿಷದ ಹೆಸರನ್ನು ಪುಸ್ತಕ ಹೇಳುವುದಿಲ್ಲ. ಅರ್ಜೆಂಟೀನಾ 1996ರಲ್ಲಿ ಕಳೆನಾಶಕ ತಾಳುವ ಕುಲಾಂತರಿ ಸೋಯಾಕ್ಕೆ ಒಪ್ಪಿಗೆ ಕೊಟ್ಟ ದೇಶವೆಂಬುದು ಅಲ್ಲಿಯ ಓದುಗರಿಗೆ ಗೊತ್ತು.

ಆ ತಾಯಿ ಎಲ್ಲಿ ಕೂತರೂ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತಿರುತ್ತಾಳೆ. ಈಗ ಮಗಳಿಗೆ ಏನಾದರೂ ಆದರೆ ನಾನು ಓಡಿ ಮುಟ್ಟಲು ಎಷ್ಟು ದೂರ? ಕೂಸು ಈಜುಕೊಳದ ಕಡೆ ಹೆಜ್ಜೆ ಇಟ್ಟರೆ ಆ ದೂರ ಹಗ್ಗದಂತೆ ಬಿಗಿಯುತ್ತದೆ. ಕಾದಂಬರಿಯ ಸ್ಪ್ಯಾನಿಷ್ ಹೆಸರೇ ಅದು: 'ದಿಸ್ತಾನ್ಸಿಯಾ ದೆ ರೆಸ್ಕಾತೆ'. ಕಾಪಾಡಬಲ್ಲ ದೂರ. ಮೇಗನ್ ಮೆಕ್‌ಡೊವೆಲ್ 2017ರಲ್ಲಿ ತಂದ ಒಳ್ಳೆಯ ಇಂಗ್ಲಿಷ್ ಅನುವಾದದ ಹೆಸರು ಬೇರೆ. 'ಫೀವರ್ ಡ್ರೀಮ್', ಜ್ವರದ ಕನಸು.

'ಇಂಗ್ಲಿಷಿನಿಂದ ತಂದರ ನಾವು ಜ್ವರದ ಕನಸು ಅಂತೀವಿ ಅಪ್ಪಾ. ಈ ಅಣ್ಣಾರು ಈಗ ಹೇಳಿದ್ರಲ್ಲ, ಒಂದು ಕಣ್ಣು ಕೂಸಿನ ಮ್ಯಾಲೇ ಇರತೈತಿ ಅಂತ. ಆ ತಾಯಿ ಲೆಕ್ಕಾನೂ ಅದ. ಅದನ್ನ ಹೆಸರಿನಾಗ ಇಡಬೇಕಂದ್ರ ಒಬ್ಬರರ ಮೂಲಕ್ಕ ಹೋಗಬೇಕಲ್ಲ? ಅದಕ್ಕ ಹೊಳಿಗೆ ಇಳೀತೀನಿ.'

ನಾನು ಮಾತಾಡಲಿಲ್ಲ. ಎರಡು ದಿನದಿಂದ ನನ್ನ ತಲೆಯಲ್ಲಿ ತಿರುಗುತ್ತಿದ್ದದ್ದು ನೌಕರಿಯ ಚಿಂತೆಯಲ್ಲ, ಮಂದಿಯ ಮಾತೂ ಅಲ್ಲ. ಹಾನಗಲ್ಲಿನಿಂದ ಹೈದರಾಬಾದಿಗೆ ಒಂದು ರಾತ್ರಿಯ ಬಸ್ಸು. ನಡುರಾತ್ರಿ ಇವಳಿಗೆ ಜ್ವರ ಬಂದರೆ ನಾನು ಓಡಿ ಮುಟ್ಟುವುದು ಹೇಗೆ? ಬಿ.ಎಸ್ಸಿ. ಅಗ್ರಿ ಎಂದು ಬೀಗರು ಹೇಳಿದ್ದಕ್ಕೆ ನಾನು ತಲೆಯಾಡಿಸಿದ್ದು ಈ ಲೆಕ್ಕದಿಂದ. ಆ ಲೆಕ್ಕಕ್ಕೆ ಒಂದು ಹೆಸರು ಇದೆಯೆಂದೂ, ನೆಲದ ಆಚೆ ತುದಿಯಲ್ಲಿ ಗೋವಿನಜೋಳ ತಿನ್ನುವ ಒಬ್ಬ ತಾಯಿಯೂ ಅದನ್ನೇ ಹಾಕುತ್ತಾಳೆಂದೂ ಮಗಳಿಂದ ತಿಳಿಯಬೇಕಾಯಿತು.

ಚೀಲದಿಂದ ಆ ಹಳೆಯ ಪುಸ್ತಕ ತೆಗೆದು ವಿದ್ಯಾರ್ಥಿಯ ಕೈಯಲ್ಲಿಟ್ಟೆ. ಕ್ಷಮೆ ಕೇಳಿದೆ. ಅವನು ಗಾಬರಿಯಾಗಿ ಎದ್ದು ನಿಂತ. 'ಎಂಥಾ ಮಾತ್ರಿ ಸರ!' ಎಂದವನು ಹಾಳೆ ತಿರುವಿದ. ರೆಕ್ಕೆಯ ಮುದುಕನ ಕಥೆಯಲ್ಲಿ ಬೆರಳು ನಿಂತಿತು. 'ಇದನ್ನ ಅರ್ಧಾ ಓದಿದ್ದೆ. ಮುಂದ ಏನಾತು ಅಂತ ಇಪ್ಪತ್ತು ವರ್ಷದಿಂದ ಗೊತ್ತಿಲ್ಲರಿ' ಎಂದ. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಬಿದ್ದ ಪೆಟ್ಟುಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಆಮ್ಲ-ಪ್ರತ್ಯಾಮ್ಲದ ಆ ಪಾಠ ಅವನಿಗೆ ನೆನಪಿತ್ತೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ.

ಹಿರೇಕೆರೂರ ಬಸ್‌ಸ್ಟ್ಯಾಂಡಿನಲ್ಲಿ ಕೂತು ಮೊಬೈಲಿನಲ್ಲೇ ಶುಲ್ಕ ತುಂಬಿದೆವು.

ಪಾಲಕರಿಗೆ ಒಂದೆರಡು ಮಾತು. ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಯಾವುದನ್ನು ಓದಿದ ಮಕ್ಕಳೂ ಇಂಥ ಪದವಿಗೆ ಹೋಗಬಹುದು. ಮೊದಲೇ ಸ್ಪ್ಯಾನಿಷ್ ಬರಬೇಕೆಂದಿಲ್ಲ. ಹೈದರಾಬಾದಿನಲ್ಲಿರುವಂತೆ ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲೂ ಬಿ.ಎ. ಸ್ಪ್ಯಾನಿಷ್ ಇದೆ. ಸ್ಪೇನ್ ಸರಕಾರದ ಸೆರ್ವಾಂತೆಸ್ ಸಂಸ್ಥೆಯ ಕೇಂದ್ರ ದಿಲ್ಲಿಯಲ್ಲಿದೆ. ಅನುವಾದವೊಂದರಿಂದಲೇ ಮನೆ ನಡೆಯುತ್ತದೆಂದು ನಾನು ಭರವಸೆ ಕೊಡಲಾರೆ. ಭಾಷೆ ಬಲ್ಲವರಿಗೆ ಬೋಧನೆ, ಪ್ರವಾಸ, ಕಂಪನಿಗಳ ಕೆಲಸ ಎಂದು ಬೇರೆ ದಾರಿಗಳೂ ಇವೆ. ಹಗಲು ಅವು, ರಾತ್ರಿ ಕಥೆ ಎನ್ನುತ್ತಾಳೆ ನನ್ನ ಮಗಳು. ಆದರೆ ಒಂದು ಮಾತು. ಮಕ್ಕಳ ತೊಡೆಯ ಮೇಲಿನ ಪುಸ್ತಕವನ್ನು ಕಸಿಯುವ ಮೊದಲು ಯಾವ ಪುಟದಲ್ಲಿದ್ದಾರೆಂದು ಕೇಳಿ.

ಮಕೊಂದೊದಲ್ಲಿ ಒಮ್ಮೆ ನಿದ್ದೆಗೇಡಿನ ರೋಗ ಬಂದು ಜನ ವಸ್ತುಗಳ ಹೆಸರನ್ನೇ ಮರೆಯತೊಡಗುತ್ತಾರೆ. ಆಗ ಎಲ್ಲದರ ಮೇಲೂ ಹೆಸರು ಬರೆದು ಅಂಟಿಸುತ್ತಾರೆ. ಹೈದರಾಬಾದಿಗೆ ಹೋಗುವ ಹಿಂದಿನ ದಿನ ನನ್ನ ಮಗಳು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದಳು. ಗೋವಿನಜೋಳದ ಹಿಟ್ಟಿಗೆ 'ಮಾಯಿಸ್', ಖಾರಪುಡಿಗೆ 'ಚಿಲೆ'. ಕೆಳಗೆ ಕನ್ನಡ ಹೆಸರು. ನನ್ನ ಹೆಂಡತಿ ಒಂದು ಚೀಟಿಯನ್ನೂ ಕಿತ್ತಿಲ್ಲ. ದಿನಾ ರಾತ್ರಿ ಫೋನಿನಲ್ಲಿ ಒಂದೊಂದು ಡಬ್ಬಿಯ ಹೆಸರು ಓದಿ ಒಪ್ಪಿಸುತ್ತಾಳೆ. ಆಚೆಯಿಂದ ಮಗಳು ತಿದ್ದುತ್ತಾಳೆ. ಆ ಹೊತ್ತಿಗೆ ಹೈದರಾಬಾದು ನಮ್ಮ ಒಲೆಯ ಪಕ್ಕದಲ್ಲೇ ಇರುತ್ತದೆ.